ಎರಡನೇ ದನಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಅಳಿಯ ನನ್ನ ಮಗಳ ಕಿವಿ ಕಿತ್ಕೊಂಡಿದಾನೆ. ಬರ್ಕೊಳ್ಳಿ."

"ಓಲೇನಾ?" ಎಂದರು ಇನ್ಸ್‌ಪೆಕ್ಟರ್.

"ಓಲೆ ಅಲ್ರೀ, ಕಿವಿ! ಕೇಳೋ ಶಕ್ತಿ!"

ಹಿಂದೆ ತಾಯಿಯ ಕೈಚೀಲ ಹಿಡಿದು ನಿಂತಿದ್ದ ಹಿರಿಮಗಳು ಮೆಲ್ಲಗೆ ವಿವರಿಸಿದಳು. ತಂಗಿ ಹಾಡುಗಾರ್ತಿ. ಮನೆಯ ಹಿಂಭಾಗದ ಕೋಣೆಯಲ್ಲೇ ಕಂಪ್ಯೂಟರಿಟ್ಟುಕೊಂಡು ಹಾಡು ರೆಕಾರ್ಡ್ ಮಾಡುತ್ತಾರೆ. ಶನಿವಾರ ಸಂಜೆ ತಂಗಿ ಹಾಡುತ್ತಿದ್ದಾಗ ಹೆಡ್‌ಫೋನಿನಲ್ಲಿ ಭಾರೀ ಸದ್ದು ಬಂದು ಕುಸಿದುಬಿದ್ದಳು. ಎರಡೂ ಕಿವಿ ಹೋಗಿವೆ, ಮರಳುವುದಿಲ್ಲ ಎಂದು ವೈದ್ಯರು ಹೇಳಿಯಾಗಿದೆ. ವೈರಿಂಗ್ ಎಲ್ಲ ತಂಗಿಯ ಗಂಡನದೇ.

"ನೀವೆಲ್ಲಿದ್ರಿ?"

"ಅಡುಗೆಮನೇಲಿ. ಅವಳಿಗೆ ಬಿಸಿನೀರು ತರೋಕೆ ಹೋಗಿದ್ದೆ. ಮೈಕ್ ತಾನಾಗೇ ಕೂಗ್ಕೊಂಡಿರ್ಬೇಕು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿಯವರಲ್ಲ ಇನ್ಸ್‌ಪೆಕ್ಟರ್. ಆದರೂ ದೂರು ದೂರೇ. ಎಫ್‌ಐಆರ್ ದಾಖಲಾಯಿತು. ಮುಖ್ಯಪೇದೆ ಗೋಡೆಯ ಗಡಿಯಾರ ನೋಡಿ, ಕೈಗಡಿಯಾರ ನೋಡಿ, ಎರಡರ ನಡುವಿನ ವೇಳೆ ಬರೆದ. ಇದೇ ಚಾಳಿಗೆ ಠಾಣೆಯವರು ಅವನನ್ನು ಗಡಿಯಾರ ಎಂದೇ ಕರೆಯುವುದು.

ಮಧ್ಯಾಹ್ನ ಪಂಚನಾಮೆ. ಸದ್ದು ಹೊರಗೆ ಹೋಗದಂತೆ ಕೋಣೆಯ ಗೋಡೆಗಳಿಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಒಂದು ಮೈಕ್, ಒಂದು ಹೆಡ್‌ಫೋನ್, ಅದರ ಸದ್ದು ಏರಿಸಿ ಇಳಿಸುವ ಪುಟ್ಟ ಕಬ್ಬಿಣದ ಡಬ್ಬಿ. ಡಬ್ಬಿಯ ತಿರುಪಿನ ಸುತ್ತ ಟೇಪು ಕಿತ್ತ ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು. ಕಂಪ್ಯೂಟರಿನ ಪರದೆಯಲ್ಲಿ ಒಂದರ ಕೆಳಗೊಂದು ಬಣ್ಣದ ಪಟ್ಟೆಗಳು. ಒಂದೊಂದು ಪಟ್ಟೆಯೂ ಒಂದೊಂದು ದನಿ, ಬೇರೆಬೇರೆಯಾಗಿ ಹಾಡಿ ಒಟ್ಟಿಗೆ ಕೇಳಬಹುದು ಎಂದಳು ಅಕ್ಕ.

"ಎಲ್ಲಾ ಪಟ್ಟೆ ಮೇಲೂ ತಂಗಿ ಅಂತಲೇ ಇದೆಯಲ್ಲ?"

"ಅವಳು ಹಾಡಿದ್ದು ಒಂದನ್ನೂ ಅಳಿಸೋ ಹಾಗಿಲ್ಲ, ಕೆಮ್ಮಿದ್ರೆ ಕೆಮ್ಮನ್ನೂ," ತಾಯಿ ನಡುವೆ ಬಾಯಿ ಹಾಕಿದಳು. "ನಾನೇ ಹೇಳಿಬಿಟ್ಟಿದೀನಿ."

"ನೀವೂ ಹಾಡ್ತೀರಾ?" ಇನ್ಸ್‌ಪೆಕ್ಟರ್ ಕೇಳಿದ್ದು ಅಕ್ಕನನ್ನು. ಉತ್ತರ ಬಂದದ್ದು ಮತ್ತೆ ತಾಯಿಯಿಂದ.

"ಇವಳದು ಹಿಂದಿನ ದನಿ. ಎರಡನೇದು. ಕೇಳಿಸಿದ್ರೆ ಹೆಚ್ಚು!"

ಅಕ್ಕ ಮೈಕಿನ ಮೇಲಿನ ಧೂಳು ಒರೆಸುತ್ತ ನಿಂತಿದ್ದಳು. ಧೂಳೇನೂ ಇರಲಿಲ್ಲ.

ಅಳಿಯ ಬಸ್ ಡಿಪೋದಲ್ಲಿ ವೈರಿಂಗ್ ಕೆಲಸದವನು. ಠಾಣೆಗೆ ಬಂದವನ ಕಣ್ಣುಗಳು ಅತ್ತು ಅತ್ತು ಊದಿದ್ದವು.

"ಶನಿವಾರ ಸಂಜೆ?"

"ಡಿಪೋದಲ್ಲಿದ್ದೆ ಸಾರ್. ಯಾರನ್ನ ಬೇಕಾದ್ರೂ ಕೇಳಿ."

"ಟೇಪು ಕಿತ್ತೋರು ಯಾರು?"

ಅವನು ತಲೆಯೆತ್ತಿದ. "ಕಿತ್ತಿದಾರಾ? ತಿರುಪು ಅರ್ಧಕ್ಕಿಂತ ಮೇಲೆ ಹೋಗದ ಹಾಗೆ ನಾನೇ ಸುತ್ತಿದ್ದೆ ಸಾರ್. ಅವಳ ಕಿವಿಗೆ ಏನೂ ಆಗಬಾರದು ಅಂತ..." ಗಡಿಯಾರ ಡಿಪೋಗೆ ಹೋಗಿ ವಿಚಾರಿಸಿ ಬಂದ. ಅಳಿಯ ಹೇಳಿದ್ದು ನಿಜವಾಗಿತ್ತು.

ಮಂಗಳವಾರ ಆಸ್ಪತ್ರೆ. ಹಾಡುಗಾರ್ತಿ ತನ್ನ ದನಿ ತನಗೇ ಕೇಳಿಸದೆ ಒಂದೊಂದು ಮಾತನ್ನೂ ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. ಜನ ದುಡ್ಡು ಕೊಟ್ಟು ಕೇಳಿದ ದನಿ ಅದು. ಪಕ್ಕದ ಮಂಚದ ರೋಗಿ ದಿಂಬಿನಿಂದ ಕಿವಿ ಮುಚ್ಚಿಕೊಂಡಳು. ಇನ್ಸ್‌ಪೆಕ್ಟರ್ ಸ್ಲೇಟಿನ ಮೇಲೆ ಬರೆದರು: ಕೊನೆಗೆ ಕೇಳಿಸಿದ್ದು ಏನು?

"ಅಕ್ಕ ಕೂಗಿದ್ಲು!" ಎಂದು ಕಿರುಚಿದಳು ಅವಳು. "ಆ ಸಾಲು ಬಂದಾಗ ಶ್ರುತಿ ಹಿಡಿಯೋಕೆ ಯಾವಾಗ್ಲೂ ಹೆಡ್‌ಫೋನ್‌ನ ಎರಡೂ ಕೈಯಲ್ಲಿ ಒತ್ಕೋತೀನಿ. ಆಗ್ಲೇ ಆಗಿದ್ದು. ಅಕ್ಕ ನನ್ನ ಉಳಿಸೋಕೆ ಕೂಗಿದ್ಲು, ಪಾಪ. ಅವಳು ಅಳ್ತಿರ್ತಾಳೆ, ಅವಳನ್ನ ಒಳಗೆ ಬಿಡಿ!"

ಹೇಳಿಕೆಗೆ ಸಹಿ ಹಾಕಿಸಿಕೊಂಡು ಹೊರಬಂದ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ನಿಂತರು. ಕಿವಿ ಮುಚ್ಚುವ ಹೆಡ್‌ಫೋನು, ಗೋಡೆಗೆಲ್ಲ ಕೌದಿ. ಅಡುಗೆಮನೆಯಿಂದ ಕೂಗಿದ್ದು ಇವಳಿಗೆ ಕೇಳಿಸಿದ್ದು ಹೇಗೆ?

ಉತ್ತರ ಬುಧವಾರ, ವಶಪಡಿಸಿಕೊಂಡ ಕಂಪ್ಯೂಟರನ್ನು ಕಳಿಸಿದ್ದ ಪ್ರಯೋಗಾಲಯದಲ್ಲಿ ಸಿಕ್ಕಿತು. ಶನಿವಾರ ಸಂಜೆ ಯಾವುದೋ ಒಂದು ಪಟ್ಟೆಯನ್ನು ಗುರುತೂ ಉಳಿಯದಂತೆ ಅಳಿಸಿದ್ದರು. ತಂಗಿ ಹಾಡಿದ ಪಟ್ಟೆ ಮಾತ್ರ ಭದ್ರವಾಗಿತ್ತು.

"ಹೆಡ್‌ಫೋನಿನ ಸದ್ದು ಎಷ್ಟು ಜೋರಿತ್ತು ಅಂದ್ರೆ, ಎದುರಿದ್ದ ಮೈಕಿಗೂ ಸೋರಿಬಿಟ್ಟಿದೆ," ಎಂದಳು ತಜ್ಞೆ. "ಮೈಕ್ ತಾನಾಗೇ ಕೂಗಿದ್ರೆ ಸದ್ದು ಏರ್ತಾ ಏರ್ತಾ ಬರುತ್ತೆ. ಇದು ಒಂದೇ ಏಟಿಗೆ ಬಿದ್ದಿದೆ. ಈಗ ಇಳಿಸ್ತೀನಿ, ಕೇಳಿ."

ಕಬ್ಬಿಣ ಸೀಳಿದಂತಿದ್ದ ಸದ್ದು ಇಳಿಸುತ್ತ ಹೋದಂತೆ ಮನುಷ್ಯರ ದನಿಯಾಯಿತು. ಒಬ್ಬ ಹೆಣ್ಣು ಒಂದೇ ಸ್ವರವನ್ನು ಹಿಡಿದು ನಿಂತಿದ್ದಳು. ಸ್ವಲ್ಪವೂ ನಡುಗದ, ಇಂಪಾದ ಸ್ವರ. ಅದರ ಮೇಲೆ ತಂಗಿಯ ಚೀತ್ಕಾರ, ಕುರ್ಚಿ ಉರುಳಿದ್ದು. ಆಮೇಲೆ ಮೈಕಿಗೆ ತೀರ ಹತ್ತಿರದಲ್ಲಿ ಯಾರೋ ಉಸಿರಾಡಿದರು. ಮೆಲ್ಲಗೆ ಕೇಳಿದರು:

"ಈಗ ಕೇಳಿಸ್ತಾ?"

ಗಡಿಯಾರ ವೇಳೆ ಬರೆಯುವುದನ್ನೂ ಮರೆತ. ಇನ್ಸ್‌ಪೆಕ್ಟರ್ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಅಬ್ಬಾ, ಅದೆಂಥ ತಣ್ಣನೆಯ ದನಿ!

ಅಂದೇ ಸಂಜೆ ಮಹಿಳಾ ಪೇದೆಯ ಸಮಕ್ಷಮದಲ್ಲಿ ಅಕ್ಕನ ವಿಚಾರಣೆ ನಡೆಯಿತು. ರೆಕಾರ್ಡಿಂಗ್ ಕೇಳಿಸಿದರು. ಅವಳು ಅಲ್ಲಗಳೆಯಲಿಲ್ಲ.

"ನಿಮ್ಮ ಪಟ್ಟೆ ಅಳಿಸಿದ್ರಿ. ಅವಳದನ್ನ ಯಾಕೆ ಬಿಟ್ರಿ?"

"ಅವಳದನ್ನ ಅಳಿಸಿ ರೂಢಿ ಇಲ್ಲ ಸಾರ್. ಅವಳು ನಿಲ್ಲಿಸಿದ ಕೂಡಲೇ ಕೈ ತಾನಾಗೇ ಸೇವ್ ಒತ್ತುತ್ತೆ. ಅವತ್ತೂ ಒತ್ತಿತು."

"ಏನು ಕೋಪ?"

"ಹೊಸ ಸಾಫ್ಟ್‌ವೇರ್ ಹಾಕಿಸಿದ್ರು. ಒಂದು ಗುಂಡಿ ಒತ್ತಿದ್ರೆ ತಂಗಿ ದನಿಯಿಂದ್ಲೇ ಎರಡನೇ ದನಿ ಮಾಡ್ಕೊಡುತ್ತೆ. ಇನ್ನು ನಿನ್ನದು ಬೇಡ, ಹಳೇ ಹಾಡಿಂದ್ಲೂ ತೆಗೆದುಬಿಡು ಅಂದ್ಲು ಅಮ್ಮ. ಕಂಪ್ಯೂಟರ್ ಬರ್ತಿದ್ದಿದ್ದು ನನಗೊಬ್ಬಳಿಗೇ ಅಲ್ವಾ? ಒಂದು ವಾರ ಕೂತು ನನ್ನ ದನೀನ ನಾನೇ ಅಳಿಸಿದೆ. ಒಂದೂ ಉಳಿದಿಲ್ಲ ತಾನೇ ಅಂತ ಅಮ್ಮ ಪಕ್ಕದಲ್ಲೇ ಕೂತು ನೋಡ್ತಿದ್ಲು. ತಂಗಿ ಕೇಳಿ ನಕ್ಕಳು. ಅಕ್ಕ ಇಲ್ದಿದ್ರೇನೇ ಚೆಂದ ಅಂದ್ಲು."

ಅವಳು ಸೆರಗು ಸರಿಮಾಡಿಕೊಂಡಳು. "ಒಂದೇ ಒಂದು ಸ್ವರ ಬಚ್ಚಿಟ್ಕೊಂಡಿದ್ದೆ. ಟೇಪು ಕಿತ್ತೆ. ಅವಳು ಒತ್ಕೊಳ್ಳೋ ಜಾಗಕ್ಕೆ ಸರಿಯಾಗಿ ಇಟ್ಟೆ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮದ್ದಾಗದ ಗಿಡ ವಿಷವಾಗಿತ್ತು, ಅಷ್ಟೇ. ಇನ್ಸ್‌ಪೆಕ್ಟರಿಗೆ ಅವಳ ಮೇಲೆ ಮರುಕ ಹುಟ್ಟುವುದರಲ್ಲಿತ್ತು. ಆ "ಈಗ ಕೇಳಿಸ್ತಾ" ನೆನಪಾಗಿ ಅಲ್ಲೇ ಬತ್ತಿಹೋಯಿತು.

ಹೊರಗೆ ಬೆಂಚಿನ ಮೇಲಿದ್ದ ತಾಯಿಗೆ ಬಂಧನದ ವಿಷಯ ತಿಳಿಸಿ ಬಂದ ಗಡಿಯಾರ, "ಕಂಪ್ಯೂಟರ್ ಯಾವಾಗ ವಾಪಸ್ ಕೊಡ್ತೀರಿ ಅಂತ ಕೇಳ್ತಿದಾರೆ ಸಾರ್. ಚಿಕ್ಕವಳ ಹಾಡೆಲ್ಲ ಅದರಲ್ಲಿದೆಯಂತೆ," ಎಂದ. "ದೊಡ್ಡವಳ ಬಗ್ಗೆ ಏನೂ ಕೇಳ್ಲಿಲ್ಲ."

ಅಕ್ಕನ ಮುಖದಲ್ಲಿ ಏನೂ ಕದಲಲಿಲ್ಲ. ಆ ಮಾತು ಅವಳಿಗೆ ಹೊಸದಲ್ಲ. ಸಹಿ ಹಾಕಲು ಪೆನ್ನು ತೆಗೆದುಕೊಂಡವಳು ತಟ್ಟನೆ ಕೇಳಿದಳು.

"ಸಾರ್, ಅದು ನನ್ನ ದನಿ ಅಂತ ತಂಗಿಗೆ ಗೊತ್ತಾಯ್ತಾ?"

ಕಣ್ಣಲ್ಲೊಂದು ಹೊಳಪಿತ್ತು. ಗೆದ್ದವರ ಹೊಳಪು. ಸುಮ್ಮನಿರಬಹುದಿತ್ತು ಇನ್ಸ್‌ಪೆಕ್ಟರ್. ಇರಲಿಲ್ಲ. ಕಡತದಿಂದ ಆಸ್ಪತ್ರೆಯ ಹೇಳಿಕೆ ತೆಗೆದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು.

"ಗೊತ್ತಾಯ್ತು. 'ಅಕ್ಕ ನನ್ನ ಉಳಿಸೋಕೆ ಕೂಗಿದ್ಲು, ಪಾಪ.'"

ಪೆನ್ನು ಮೇಜಿನ ಮೇಲೆ ಉರುಳಿತು. ಅಕ್ಕ ಎರಡೂ ಕೈಗಳಿಂದ ಕಿವಿ ಒತ್ತಿ ಹಿಡಿದುಕೊಂಡಳು. "ಸಾಕು ಸಾರ್. ಓದಬೇಡಿ."

"ಇನ್ನೊಂದು ಸಾಲಿದೆ," ಎಂದರು ಇನ್ಸ್‌ಪೆಕ್ಟರ್. ಅವಳು ಕೈ ಇಳಿಸುವವರೆಗೂ ಕಾದು, ಅದನ್ನೂ ಓದಿದರು.

"'ಅವಳು ಅಳ್ತಿರ್ತಾಳೆ, ಅವಳನ್ನ ಒಳಗೆ ಬಿಡಿ.'"

ಅವಳು ಅಳತೊಡಗಿದಳು. ಗಡಿಯಾರ ಬಂಧನದ ವೇಳೆ ಬರೆದು, ಲಾಕಪ್ಪಿನ ಬಾಗಿಲು ತೆಗೆದು, ಅವಳನ್ನು ಒಳಗೆ ಬಿಟ್ಟ.