ಸ್ಕ್ರಿಪ್ಟಿನ ಮೇಲಿನ ಹೆಸರು

ಸ್ಕ್ರಿಪ್ಟ್ ಬರೆದವನು ವಜ್ದಿ. ಅದರ ತಲೆಯ ಮೇಲೆ ಕೂತಿದ್ದ ಹೆಸರು ಲೈಸನದು. ಇದು ವಜ್ದಿಯ ಕಣ್ಣಿಗೆ ಬಿದ್ದದ್ದು ರಂಜಾನ್ ತಿಂಗಳ ಒಂದು ಮಧ್ಯಾಹ್ನ. ಹಸಿದ ಹೊಟ್ಟೆ ಇನ್ನಷ್ಟು ಉರಿಯಿತು.

ಮಿಠಾಯಿ ಅಂಗಡಿಯವಳಿಂದ ಹಿಡಿದು ಹಲ್ಲಿನ ಡಾಕ್ಟರ್‌ವರೆಗೆ ಅಮ್ಮಾನ್ ನಗರದಲ್ಲಿ ಆಗ ಎಲ್ಲರಿಗೂ ತಮ್ಮದೊಂದು ವೆಬ್‌ಸೈಟ್ ಬೇಕೆನ್ನುವ ಹುಚ್ಚು. ಅಬು ಮುಂದಿರ್ ಅವರ ಕಂಪನಿ ಆ ಸೈಟ್‌ಗಳನ್ನೆಲ್ಲ ಒಂದೇ ಸರ್ವರಿನಲ್ಲಿ ಸಾಕುತ್ತಿತ್ತು. ಒಂದು ಕಟ್ಟಡ, ನೂರಾರು ಬಾಡಿಗೆದಾರರು ಇದ್ದ ಹಾಗೆ. ಯಾರು ಯಾವ ಹೆಸರು ಕೇಳಿಕೊಂಡು ಬಂದರೆ ಯಾವ ಮನೆಗೆ ಕಳಿಸಬೇಕು ಎಂದು ಸರ್ವರಿಗೆ ತಿಳಿಸಲು ಪ್ರತಿ ಸೈಟಿಗೂ ಒಂದು ಪುಟ್ಟ ಫೈಲು. ಅದನ್ನು ಕೈಯಾರೆ ಬರೆಯುವುದು ತಲೆನೋವಿನ ಕೆಲಸ. ಒಂದು ಆವರಣ ಚಿಹ್ನೆ ತಪ್ಪಿದರೂ ಸರ್ವರ್ ಮುಷ್ಕರ ಹೂಡುತ್ತದೆ. ಆ ಕಾಟಕ್ಕೆ ಬೇಸತ್ತೇ ವಜ್ದಿ ಆ ಫೈಲುಗಳನ್ನು ತಾನೇ ಬರೆದುಕೊಡುವ ಪುಟ್ಟ ಪ್ರೋಗ್ರಾಂ, ಅಂದರೆ ಈ ಸ್ಕ್ರಿಪ್ಟ್, ಬರೆದಿದ್ದ. ಕಪ್ಪು ಪರದೆಯಲ್ಲಿ ಹೆಸರು ಟೈಪ್ ಮಾಡಿದರೆ ಫೈಲು ಹುಟ್ಟುತ್ತಿತ್ತು, ಬೇಡವೆಂದರೆ ಅಳಿಯುತ್ತಿತ್ತು.

ಲೈಸ್ ಅಬು ಮುಂದಿರ್ ಅವರ ತಂಗಿಯ ಮಗ. ಆಫೀಸಿಗೆ ಬರುವ ಮೊದಲೇ ಅವನ ಅತ್ತರು ಮೆಟ್ಟಿಲು ಹತ್ತಿ ಬರುತ್ತಿತ್ತು. ಸ್ಕ್ರಿಪ್ಟಿಗೆ ಅವನು ಮಾಡಿದ್ದು ಎರಡೇ ಕೆಲಸ: ಅಕ್ಷರಗಳಿಗೆ ಹಸಿರು ಬಣ್ಣ ಬಳಿದದ್ದು, ಮೇಲೆ ತನ್ನ ಹೆಸರು ಬರೆದದ್ದು. ಬಂದ ಗಿರಾಕಿಗಳಿಗೆಲ್ಲ ಅಬು ಮುಂದಿರ್ ಅದನ್ನು ತೋರಿಸಿ, ನಮ್ಮ ಹುಡುಗನ ಕೈಚಳಕ ಎಂದು ಬೀಗುತ್ತಿದ್ದರು. ವಜ್ದಿ ತಡೆಯಲಾರದೆ ಒಳಗೆ ಹೋಗಿ ಕೇಳಿಯೇಬಿಟ್ಟ.

“ಹೆಸರಿಗೇನೋ ಇಷ್ಟು ತಲೆ ಕೆಡಿಸ್ಕೋತೀಯ?” ಎಂದರು ಅಬು ಮುಂದಿರ್, ಜಪಮಣಿ ತಿರುಗಿಸುತ್ತಾ. “ಅವನಿಗೆ ಹೆಣ್ಣು ನೋಡ್ತಾ ಇದೀವಪ್ಪ. ಹುಡುಗ ಏನಾದ್ರೂ ಕಡಿದು ಗುಡ್ಡೆ ಹಾಕಿದಾನೆ ಅಂತ ತೋರಿಸೋಕೆ ಬೇಡ್ವಾ? ಅಂದ ಹಾಗೆ, ಅದು ಒಂದೊಂದಕ್ಕೂ ಪ್ರಶ್ನೆ ಕೇಳುತ್ತಂತೆ, ಗಡಿ ಠಾಣೆ ಪೊಲೀಸಿನ ಹಾಗೆ. ಸ್ವಲ್ಪ ಸುಧಾರಿಸು.”

ವಜ್ದಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೂಸನ್ನು ಕಿತ್ತುಕೊಂಡವರೇ ಈಗ ಅದಕ್ಕೆ ಸ್ನಾನ ಮಾಡಿಸೆಂದು ತನ್ನನ್ನೇ ಕರೆಯುತ್ತಿದ್ದಾರೆ. ಆದರೂ ಆಗಲಿ ಎಂದು ತಲೆಯಾಡಿಸಿ ಬಂದ. ತನ್ನ ಮೇಜಿಗೆ ಮರಳುವಷ್ಟರಲ್ಲಿ ‘ಸುಧಾರಿಸು’ ಎಂಬ ಮಾತು ಅವನ ತಲೆಯಲ್ಲಿ ಬೇರೆಯೇ ದಾರಿ ಹಿಡಿದಿತ್ತು.

ಲೈಸನಿಗೊಂದು ಚಟವಿತ್ತು. ಕಪ್ಪು ಪರದೆಯ ಮುಂದೆ ಕೂತೊಡನೆ, ನಿದ್ದೆಯಿಂದ ಎಬ್ಬಿಸುವವನಂತೆ, ಏನೂ ಟೈಪ್ ಮಾಡದೆ ಒಮ್ಮೆ ಎಂಟರ್ ಒತ್ತುತ್ತಿದ್ದ. ಆಗ ಸ್ಕ್ರಿಪ್ಟ್ ಅವನನ್ನು ಗದರುತ್ತಿತ್ತು: ಹೆಸರು ಖಾಲಿ ಇದೆ, ಸರಿಯಾಗಿ ಬರೆಯಿರಿ. ಹಾಗೆ ಗದರುವ ಸಾಲು ಒಂದೇ ಒಂದು. ಅದನ್ನು ತೆಗೆದರೆ? ಸ್ಕ್ರಿಪ್ಟ್ ತಾನು ಮಾಡಿದ ಪ್ರತಿ ಫೈಲಿಗೂ ತನ್ನದೊಂದು ಮುದ್ರೆ ಒತ್ತುತ್ತಿತ್ತು. ಅಳಿಸುವಾಗ ಮುದ್ರೆಯ ಜೊತೆಗೆ ಹೆಸರನ್ನೂ ಹುಡುಕುತ್ತಿತ್ತು. ಹೆಸರೇ ಖಾಲಿಯಾದರೆ, ಮುದ್ರೆಯಿರುವ ಅಷ್ಟೂ ಫೈಲುಗಳು ಒಂದೇ ಏಟಿಗೆ ಮಾಯ.

ಇದರ ಚೆಂದ ನೋಡಿ ವಜ್ದಿ ಅಂದು ಮೊದಲ ಸಲ ನಕ್ಕ. ಅವನು ಸೇರಿಸಬೇಕಾದದ್ದು ಏನೂ ಇರಲಿಲ್ಲ, ತೆಗೆಯಬೇಕಾದದ್ದು ಒಂದು ಸಾಲು. ಅದಕ್ಕೂ ಯಜಮಾನರ ಅಪ್ಪಣೆಯಿತ್ತು. ಅಳಿಸುವವನು ಲೈಸ್, ಸ್ಕ್ರಿಪ್ಟಿನ ಮೇಲಿರುವ ಹೆಸರೂ ಲೈಸನದೇ. ಗಿರಾಕಿಗಳ ಚಿತ್ರ, ಬರಹ ಯಾವುದೂ ಹಾಳಾಗುವುದಿಲ್ಲ. ಮನೆಗಳಿರುತ್ತವೆ, ದಾರಿ ಹೇಳುವವರು ಇರುವುದಿಲ್ಲ ಅಷ್ಟೆ. ಆ ಗಂಟು ಬಿಡಿಸಲು ಲೈಸನಿಂದ ಈ ಜನ್ಮದಲ್ಲಿ ಆಗದು. ಈದ್ ಹಬ್ಬದ ಎದುರಿಗೇ ಸೈಟ್ ಸತ್ತರೆ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಬೇರೆ ಕಂಪನಿ ಹುಡುಕಿ ಓಡುತ್ತಾರೆ.

ಆ ಬೇರೆ ಕಂಪನಿಯನ್ನೂ ವಜ್ದಿ ಸಿದ್ಧಮಾಡಿಟ್ಟಿದ್ದ. ಅದು ಅವನದೇ, ಅವನ ಹೆಸರಿನದೇ. ಸೈಟಿನಲ್ಲಿ ಅವನ ನಗುಮುಖದ ಫೋಟೋ, ‘ನಿಮ್ಮ ಸೈಟ್ ಕೈಕೊಟ್ಟಿತೇ? ವಜ್ದಿ ಇದ್ದಾನೆ’ ಎಂಬ ದಪ್ಪಕ್ಷರದ ಸಾಲು, ಕೆಳಗೆ ಹೊಸ ಸಿಮ್ಮಿನ ನಂಬರ್. ಹಬ್ಬದ ಹಿಂದಿನ ದಿನ ಗಿರಾಕಿಗಳಿಗೆಲ್ಲ ಅದರ ವಿಳಾಸ ಕಳಿಸಿ, ಆಮೇಲೆ ರಾಜೀನಾಮೆ ಕೊಡುವುದೆಂದು ತೀರ್ಮಾನವಾಗಿತ್ತು. ಹೊರದೇಶದ ಸರ್ವರ್ ಹಿಡಿಯಲು ಬೇಕಾದ ಕ್ರೆಡಿಟ್ ಕಾರ್ಡ್ ಅವನ ಬಳಿ ಇರಲಿಲ್ಲ. ಅದು ಸಿಗುವವರೆಗೆ ಇಲ್ಲೇ ಇರಲಿ ಎಂದು ಆ ಸೈಟನ್ನೂ ಕಂಪನಿಯ ಸರ್ವರಿನಲ್ಲೇ ಒಂದು ಮೂಲೆಗೆ ಸೇರಿಸಿದ್ದ. ಮುದ್ರೆಯಿದ್ದರೆ ಲೈಸ್ ನೋಡುವ ಪಟ್ಟಿಯಲ್ಲಿ ಬಂದುಬಿಡುತ್ತದಲ್ಲ, ಅದಕ್ಕೇ ಅದರ ಫೈಲನ್ನು ಕೈಯಾರೆ, ಮುದ್ರೆಯಿಲ್ಲದೆ ಬರೆದಿದ್ದ. ಎಲ್ಲ ಅಳಿದರೂ ಅದೊಂದು ಉಳಿಯುತ್ತದೆಂಬ ಹೆಮ್ಮೆ ಬೇರೆ.

ಮನೆಯ ಲ್ಯಾಪ್‌ಟಾಪಿನಲ್ಲಿ ತಾಲೀಮೂ ನಡೆಯಿತು. ನಾಲ್ಕಾರು ಸುಳ್ಳು ಸೈಟ್ ಕಟ್ಟಿ, ಅಳಿಸುವ ಜಾಗದಲ್ಲಿ ಖಾಲಿ ಎಂಟರ್ ಒತ್ತಿದ. ಎಲ್ಲವೂ ಹೋದವು. ಯಾವ ಹೆಸರು ಹಾಕಿದರೂ ಸಿಕ್ಕಿದ್ದು ಸಂಪರ್ಕವಿಲ್ಲವೆಂಬ ಬೋಳು ಪುಟ. ಸರ್ವನಾಶ ಇಷ್ಟು ಅಚ್ಚುಕಟ್ಟಾಗಿರುವುದನ್ನು ಅವನು ಹಿಂದೆ ಕಂಡಿರಲಿಲ್ಲ.

ಈದ್‌ಗೆ ಮುಂಚಿನ ಗುರುವಾರ ಮುಹೂರ್ತ ಕೂಡಿಬಂತು. ಬಾಗಿಲು ಹಾಕಿದ ಒಂದು ಟ್ರಾವೆಲ್ ಏಜೆನ್ಸಿಯ ಸೈಟನ್ನು ಅಳಿಸಬೇಕಿತ್ತು. ವಜ್ದಿ ಆಫೀಸಿನ ಸ್ಕ್ರಿಪ್ಟಿನಿಂದಲೂ ಆ ಗದರುವ ಸಾಲನ್ನು ತೆಗೆದು, ಅಳಿಸುವ ಕೆಲಸವನ್ನು ಲೈಸನ ಪಾಲಿಗೆ ಬಿಟ್ಟು, ತಾಯಿಗೆ ರಂಜಾನಿನ ಸಿಹಿತಿಂಡಿ ಖತಾಯೆಫ್ ಒಯ್ಯಬೇಕು, ತಡವಾದರೆ ಅಂಗಡಿಯ ಮುಂದೆ ಸರದಿ ಬೆಳೆಯುತ್ತದೆಂದು ಹೇಳಿ ಬೇಗ ಹೊರಟ. ಉಪವಾಸ ಬಿಡುವ ಹೊತ್ತು ಹತ್ತಿರವಾದಂತೆ ಆ ಊರಿನಲ್ಲಿ ಯಾರ ಬೆರಳೂ ಯಾರ ಮಾತೂ ಕೇಳುವುದಿಲ್ಲ. ಲೈಸನದಂತೂ ಕೇಳುವುದೇ ಇಲ್ಲ.

“ವಜ್ದಿ ಅಣ್ಣ, ಈ ಸಲ ಇದು ನನ್ನನ್ನ ಬೈಯಲ್ಲ ತಾನೇ?” ಎಂದು ಲೈಸ್ ಕುರ್ಚಿಯಿಂದಲೇ ಕೇಳಿದ.

“ಇಲ್ಲಪ್ಪ. ಇನ್ಮೇಲೆ ಅದು ಏನೂ ಕೇಳಲ್ಲ.”

ಹುಡುಗ ಥ್ಯಾಂಕ್ಸ್ ಹೇಳಿದ. ವಜ್ದಿಗೆ ಒಂದು ಗಳಿಗೆ ಅಯ್ಯೋ ಅನಿಸಿತು. ಮರುಗಳಿಗೆಗೆ ಹಸಿರು ಅಕ್ಷರಗಳು ಕಣ್ಣಿಗೆ ಬಿದ್ದು ಆ ಅಯ್ಯೋ ಆರಿಹೋಯಿತು.

ತಾಯಿಯ ಮನೆಯಲ್ಲಿ ಖರ್ಜೂರ ತಿಂದು, ಬೇಳೆಯ ಸೂಪು ಕುಡಿದು, ಬಹಳ ದಿನಗಳ ಮೇಲೆ ಅವನು ನೆಮ್ಮದಿಯಿಂದ ಗೋಡೆಗೊರಗಿದ. ಆಗ ಫೋನು ಬಡಿದುಕೊಂಡಿತು. ಹಳೆಯದಲ್ಲ, ಹೊಸ ಸಿಮ್ಮಿನದು. ಆ ನಂಬರನ್ನು ಅವನು ಇನ್ನೂ ನರಪಿಳ್ಳೆಗೂ ಕೊಟ್ಟಿರಲಿಲ್ಲ.

“ವಜ್ದಿ, ಊಟ ಆಯ್ತೇನಪ್ಪ?” ಅಬು ಮುಂದಿರ್ ಅವರ ದನಿ ತಣ್ಣಗಿತ್ತು.

ಈ ನಂಬರ್ ಎಲ್ಲಿ ಸಿಕ್ಕಿತೆಂದು ವಜ್ದಿ ತಡವರಿಸುತ್ತಾ ಕೇಳಿದ.

“ಮಿಠಾಯಿ ಅಂಗಡಿ ಉಮ್ಮ್ ರಾಇದ್ ಫೋನ್ ಮಾಡಿದ್ರು. ಅವರ ಸೈಟ್ ತೆಗೆದು ನೋಡ್ದೆ, ನಂಬರ್ ಅದರಲ್ಲಿತ್ತು. ಹಲ್ಲಿನ ಡಾಕ್ಟರದ್ದು ತೆಗೆದೆ, ಅದರಲ್ಲೂ ಇತ್ತು. ನನ್ನ ಸ್ವಂತ ಕಂಪನಿದು ತೆಗೆದ್ರೂ ನೀನೇ. ಫೋಟೋ ಚೆನ್ನಾಗಿ ಬಂದಿದೆ ಕಣೋ.”

ವಜ್ದಿ ಕಣ್ಣು ಮುಚ್ಚಿಕೊಂಡ. ಕಲಿಯಲು ಕೂತ ಮೊದಲ ವಾರದಲ್ಲೇ ಎಲ್ಲರಿಗೂ ಹೇಳಿಕೊಡುವ ಪಾಠವದು. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅದನ್ನು ಅವನೇ ಎಷ್ಟೋ ಸಲ ಒಪ್ಪಿಸಿದ್ದ. ಕೇಳಿದ ಹೆಸರು ಸಿಗದಿದ್ದರೆ ಸರ್ವರ್ ಇಲ್ಲವೆಂದು ಹೇಳಿ ಬಾಗಿಲು ಮುಚ್ಚುವುದಿಲ್ಲ. ತನ್ನಲ್ಲಿರುವ ಸೈಟ್‌ಗಳಲ್ಲಿ ಮೊದಲನೆಯದನ್ನು ತೆಗೆದು ಬಂದವರ ಮುಂದಿಡುತ್ತದೆ. ಮನೆಯ ತಾಲೀಮಿನಲ್ಲಿ ಎಲ್ಲವೂ ಅಳಿದು ಹೋಗಿ, ತೋರಿಸಲು ಒಂದೂ ಉಳಿದಿರಲಿಲ್ಲ. ಕಂಪನಿಯ ಸರ್ವರಿನಲ್ಲಿ ಒಂದು ಉಳಿದಿತ್ತು.