ಶಿದ್ಲಿಂಗಪ್ಪನವರ ಹೊಸ ಕಾಯಿಲು

“ಹೊಸಾ ಕಾಯಿಲು ಕದ್ದು ಹಳೇದು ಹಚ್ಚ್ಯಾನ್ರೀ ಇಂವ. ನಮ್ಮ ಮನಿ ಕೂಸಿನ ಜೀವ ತಗದಾನ.”

ಚಿಕ್ಕೇರೂರಿನ ಶಿದ್ಲಿಂಗಪ್ಪನವರು ಕಾರಿನ ಬಾನೆಟ್ ಎತ್ತಿ ತೋರಿಸಿದಾಗ ಫೌಜದಾರ ಚಂದ್ರಪ್ಪನವರು ಆಕಳಿಸಿದರು. ಕರುಣೆ ಇಲ್ಲದೆ ಅಲ್ಲ. ಇಂಥ ಅಂಗಳಗಳಲ್ಲಿ ನಿಂತು ನಿಂತು ಅವರಿಗೆ ಸಾಕಾಗಿತ್ತು. ಅವರ ಬೆನ್ನ ಹಿಂದೆ ತಿರುಗಿ ತಿರುಗಿ, ಹವಾಲ್ದಾರ ನೀಲಪ್ಪನಾದ ನನಗೂ ಸಾಕಾಗಿತ್ತು.

ಅದು ೧೯೫೮ರ ಬೇಸಿಗೆ. ಕಾರು ಮಹಾಯುದ್ಧಕ್ಕೂ ಮೊದಲಿನದು, ಓಟದ ಪಂದ್ಯಕ್ಕೆಂದೇ ಮಾಡಿದ್ದು. ಇತ್ತೀಚೆಗೆ ಎಂಜಿನ್ ಕಾದರೆ ಸಾಕು, ನಿಂತುಬಿಡುತ್ತಿತ್ತು. ಕಿಡಿ ಹುಟ್ಟಿಸುವ ಕರಿಯ ಡಬ್ಬಿ, ಅಂದರೆ ಕಾಯಿಲು, ಕೆಟ್ಟಿದೆ ಎಂದ ಮಿಸ್ತ್ರಿ ಇಸ್ಮಾಯಿಲಸಾಬ. ಮನೆಯ ಮಗ ಚನ್ನವೀರಪ್ಪ ಹಳೆಯದನ್ನು ನಮೂನೆಗೆಂದು ಹುಬ್ಬಳ್ಳಿಗೆ ಒಯ್ದು ಹೊಸದನ್ನು ತಂದ. ಮಿಸ್ತ್ರಿ ಅದನ್ನು ಕೂಡಿಸಿದ. ಮೊನ್ನೆ ಚನ್ನವೀರಪ್ಪನ ಹೆಂಡತಿ ಸುಶೀಲವ್ವನಿಗೆ ದಿನ ತುಂಬುವ ಮೊದಲೇ ಬ್ಯಾನೆ ಬಂತು. ಗಂಡನೇ ಕಾರು ನಡೆಸಿಕೊಂಡು ಹಾನಗಲ್ಲಿನ ದವಾಖಾನೆಗೆ ಹೊರಟ. ಕಾರು ನಡುದಾರಿಯಲ್ಲಿ ನಿಂತಿತು. ಚಕ್ಕಡಿ ಸಿಗುವಷ್ಟರಲ್ಲಿ ಕೂಸು ಹೋಗಿತ್ತು.

ಇಸ್ಮಾಯಿಲಸಾಬ ಕಟ್ಟೆಯ ಕೆಳಗೆ ಕೂತಿದ್ದ. ಒಮ್ಮೆ ಠಾಣೆಗೆ ಒಯ್ದರೆ ಅವನ ಅಂಗಡಿಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

“ಹಳೇದನ್ನ ರಿಪೇರಿ ಮಾಡಾಕ ಬರ್ತಿರಲಿಲ್ಲೇನು?” ಫೌಜದಾರರು ಕೇಳಿದರು.

“ಕಾಯಿಲಿಗೆ ರಿಪೇರಿ ಇಲ್ರೀ ಸಾಹೇಬ್ರ. ತಣ್ಣಗಿದ್ದಾಗ ಕಿಡಿ ಕೊಡತೈತಿ, ಕಾದ ಮ್ಯಾಲ ಕೈ ಕೊಡತೈತಿ. ಬದಲೀನ ಮಾಡಬೇಕು ಅಂತ ಕೈಮುಗದು ಹೇಳಿದ್ನಿ. ಅವರು ಕೊಟ್ಟದ್ದನ್ನ ಕೂಡ್ಸೇನಿ.”

“ಸುಳ್ಳು,” ಎಂದ ಚನ್ನವೀರಪ್ಪ. “ನಮ್ಮವ್ವ ಹೊಸಾದಕ್ಕ ವಿಭೂತಿ ಹಚ್ಚಿ ಕೊಟ್ಟಿದ್ಲು. ಇದರ ಮ್ಯಾಲ ಎಲ್ಲೈತಿ?”

ತಾಯಿ ವೀರವ್ವ ಹೌದೆಂದಳು. “ಡಬ್ಬಿ ಸುತ್ತ ಮೂರು ಬೆರಳಿಲೆ ಎಳದೇನ್ರಿ. ಹೊಸಾ ಸಾಮಾನು ನಮ್ಮನ್ಯಾಗ ಹಂಗ ಬಳಸೂದಿಲ್ಲ.”

ಕಾಯಿಲಿನ ಮೇಲೆ ವಿಭೂತಿಯ ಸುಳಿವಿರಲಿಲ್ಲ. ಅಲ್ಲಲ್ಲಿ ಬಣ್ಣ ಬೇರೆ ಎದ್ದಿತ್ತು. ದೇವರೇ ಸಾಕ್ಷಿಗೆ ಬಂದ ಮೇಲೆ ಮಿಸ್ತ್ರಿ ಏನು ಹೇಳಿಯಾನು?

“ನೀಲಪ್ಪ, ಆ ಪಟ್ಟಿ ಬಿಚ್ಚು,” ಎಂದರು ಫೌಜದಾರರು.

ಕಾಯಿಲನ್ನು ಬಿಗಿದಿದ್ದ ತಗಡಿನ ಪಟ್ಟಿಯನ್ನು ನಾನು ಬಿಚ್ಚಿದೆ. ಪಟ್ಟಿಯ ಕೆಳಗೆ ಮೂರು ಬೆರಳಿನ ವಿಭೂತಿ ಬೆಳ್ಳಗೆ ಕೂತಿತ್ತು. ಫೌಜದಾರರು ಅಲ್ಲೇ ಉಗುರಿನಿಂದ ಕೆರೆದರು. ಬಣ್ಣ ಸಿಪ್ಪೆಯಾಗಿ ಎದ್ದಿತು.

“ನೋಡ್ರಿ. ಪಟ್ಟಿ ಬಿಗಿಯೂದಕ್ಕಿಂತ ಮೊದಲ ವಿಭೂತಿ ಬಿದ್ದೈತಿ. ಅಂದ್ರ ಅವ್ವಾರು ಹಚ್ಚಿದ್ದು ಇದಕ್ಕ, ಮಿಸ್ತ್ರಿ ಕೂಡ್ಸಿದ್ದೂ ಇದನ್ನ. ವಿಭೂತಿ ಕೆಳಗ ಬಣ್ಣ. ಬಣ್ಣದ ಕೆಳಗ ಹಳೇ ಪಟ್ಟಿ ತಿಕ್ಕಿದ ಗುರ್ತು. ಹಳೇ ಕಾಯಿಲು ಬಣ್ಣಾ ಬಳಕೊಂಡು ಈ ಮನಿಗೆ ಬಂದೈತಿ. ತಂದವರು ಯಾರು?”

ಶಿದ್ಲಿಂಗಪ್ಪನವರು ಮಗನ ಕಡೆ ತಿರುಗಿದರು.

“ಅಂಗಡಿಯಂವ ಮೋಸ ಮಾಡ್ಯಾನ್ರಿ,” ಎಂದ ಚನ್ನವೀರಪ್ಪ. “ನನಗೇನು ಗೊತ್ತು?”

“ಆಗಲಿ. ಹಂಗಾರ ಪಟ್ಟಿ ಹೊರಗಿನ ವಿಭೂತಿ ಎಲ್ಲಿ ಹೋತು? ತೊಳದವರು ಯಾರು?”

ಒಳಬಾಗಿಲ ಮರೆಯಿಂದ ಸುಶೀಲವ್ವನ ದನಿ ಬಂತು.

“ಇವರ ತೊಳದಾರ್ರಿ. ಗಾಡಿ ನಿಂತ ಕೂಡ್ಲೆ ಮತ್ತೆಲ್ಲೂ ನೋಡಲಿಲ್ಲ. ಚರಿಗಿ ತಗೊಂಡು ಆ ಡಬ್ಬಿ ಮ್ಯಾಲ ನೀರು ಸುರವಿದ್ರು. ಆರಿದ್ರ ಚಾಲೂ ಆಗತೈತಿ ಅಂದ್ರು.”

ಫೌಜದಾರರು ಕಟ್ಟೆಯ ಮೇಲೆ ಕೂತರು.

“ಹೊಸಾದು ಅಂತ ನಂಬಿದಾಂವ ಮೊದಲ ಅದಕ್ಕ ನೀರು ಹಾಕೂದಿಲ್ಲ. ಹಳೇದರ ರೋಗ ಗೊತ್ತಿದ್ದಾಂವ ಹಾಕ್ತಾನ. ನೀನ ಮಾಡೀ, ಚನ್ನವೀರಪ್ಪ.”

ಚನ್ನವೀರಪ್ಪ ಕಾರಿಗೆ ಒರಗಿ ನಿಂತ.

“ಅಪ್ಪ ಕೊಟ್ಟ ರೊಕ್ಕ ಸವಣೂರಾಗ ಇಸ್ಪೀಟಿಗೆ ಹೋತ್ರಿ. ಹುಬ್ಬಳ್ಳ್ಯಾಗ ಹಳೇದಕ್ಕ ಡಾಂಬರು ತುಂಬಿಸಿ ಬಣ್ಣಾ ಹಚ್ಚಿಸಿದ್ನಿ. ರಿಪೇರಿ ಆದ್ರ ನಡೀತೈತಿ ಅಂದ್ಕೊಂಡಿದ್ನಿ. ಹಿಂಗಾಗತೈತಿ ಅಂತ...”

“ಇಸ್ಮಾಯಿಲಸಾಬ, ಮನಿಗೆ ನಡಿ,” ಎಂದರು ಫೌಜದಾರರು. ಅವನು ಎದ್ದ. ಶಿದ್ಲಿಂಗಪ್ಪನವರು ಅವನನ್ನು ತಡೆದು ಕೈಮುಗಿದರು.

ಸುಶೀಲವ್ವ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಾವನೆದುರು ಗಂಡನೊಡನೆ ಅವಳು ಎಂದೂ ಮಾತಾಡಿದವಳಲ್ಲವಂತೆ.

“ನಾ ಆಗ ಕುಡ್ಯಾಕ ನೀರು ಕೇಳಾಕತ್ತಿದ್ನಿ,” ಎಂದಳು. “ಚರಿಗಿ ಖಾಲಿ ಮಾಡಿ, ನೀರಿಲ್ಲ ಅಂದ್ರಿ.”