ಚಿಟಿಕೆ ಉಪ್ಪಿನ ರಕ್ಕಸ

ಕಪ್ಪೆಗಳು ಮದುವೆಗೆ ಓಲೆ ಕಳಿಸುತ್ತಿದ್ದ ಕಾಲದಲ್ಲಿ ಹಾಸುಬಂಡೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹಿಡಿ ಮಣ್ಣೂ ಇರಲಿಲ್ಲ. ನಂಬಿಕೆಯಿಲ್ಲದಿದ್ದರೆ ಹೋಗಿ ಅಗೆದು ನೋಡಿ. ಮನೆಮನೆಯಲ್ಲೂ ಕಲ್ಲಿನ ತೊಟ್ಟಿ. ಅದರ ನೀರಿಗೆ ಗಿಡಕ್ಕೆ ಗೊಬ್ಬರವಾಗುವ ಬೆಳೆಯುಪ್ಪು ಕದಡಿ, ಬೇರು ಇಳಿಬಿಟ್ಟು ಸೊಪ್ಪು ಬೆಳೆಯುತ್ತಿದ್ದರು.

ಒಂದು ವರ್ಷ ಹರಿವೆ ಬೀಜವನ್ನೆಲ್ಲ ಹುಳು ತಿಂದು, ನಾಡಿಗೆ ಒಂಬತ್ತೇ ಸಸಿ ಉಳಿದವು. ಮಹಾರಾಣಿ ಅವನ್ನು ಜವರನೆಂಬ ತೋಟಗಾರನ ಕೈಗೆ ಕೊಟ್ಟಳು.

"ಇವು ಬೀಜ ಕಟ್ಟದಿದ್ದರೆ ನಮಗೆ ಹರಿವೆಯೇ ಇಲ್ಲ, ಜವರ. ಕೊಡ ನೀರಿಗೆ ಒಂದು ಚಿಟಿಕೆ ಉಪ್ಪು. ಆಮೇಲೆ ಬೊಗಸೆ ನೀರು ತೆಗೆದು ದಾಸವಾಳ ಹಿಂಡಿ ನೋಡು. ಹಸಿರಾದರೆ ಹುಳಿ ಸಾಲದು, ಕಡುಗೆಂಪಾದರೆ ಹುಳಿ ಹೆಚ್ಚು. ನಿಂಬೆಯೋ ಸುಣ್ಣದ ತಿಳಿಯೋ ತೊಟ್ಟು ತೊಟ್ಟಾಗಿ ಬಿಟ್ಟು ಸರಿಮಾಡು."

ಜವರ ರಾಣಿಯ ಹಿಂದಿದ್ದ ಕಾವಲುಗಾರನ ಮೀಸೆಯನ್ನು ಅಣಕಿಸುತ್ತಿದ್ದ. ಕೇಳಿಸಿದ್ದು ಅರ್ಧ. ಮತ್ತೆ ಕೇಳಲು ನಾಚಿಕೆ. ಚಿಟಿಕೆಯೋ, ಮುಷ್ಟಿಯೋ? ಮುಷ್ಟಿಯೇ ಇರಬೇಕು ಅಂತ ಸುರಿದ.

ಮರುದಿನ ಎಲೆಗಳ ತುದಿ ಸುಟ್ಟ ಹಪ್ಪಳ.

"ಯಾರ ಕೆಲಸ ಇದು?" ಅಂದಳು ಹೆಂಡತಿ ಸಾಕವ್ವ.

"ಕ್ಷಾರಾಸುರನದು!" ಅಂದ ಜವರ. ಆ ಹೆಸರು ಅವನು ಆಗಷ್ಟೇ ಹೊಸೆದದ್ದು.

ದಾಸವಾಳ ಹಿಂಡಿದ; ನೀರು ಹಸಿರು. ಗಾಬರಿಯಲ್ಲಿ ಬುಟ್ಟಿ ನಿಂಬೆಹಣ್ಣು ಹಿಂಡಿದ. ಎರಡನೆಯ ದಿನ ಬೇರು ಕಂದಿತು.

"ಇದು?"

"ಕ್ಷಾರಾಸುರ."

ಹುಳಿ ತಗ್ಗಿಸಲು ಗಡಿಗೆ ಸುಣ್ಣದ ತಿಳಿ ಸುರಿದ. ಮೂರನೆಯ ದಿನ ಚಿಗುರು ಬಿಳಿಚಿತು. ಎಂಟು ಸಸಿ ಮಲಗಿದವು.

"ಇದೂ ಅವನದೇನಾ?"

"ಕ್ಷಾರಾಸುರನದೇ ಕಣೇ!"

ಮೂರು ಸಲ ಕರೆದದ್ದಾಯಿತಲ್ಲ, ತೊಟ್ಟಿಯಿಂದ ಬೆಳ್ಳಗಿನ ರಕ್ಕಸನೊಬ್ಬ ಎದ್ದ. ತಲೆ ಸೂರಿಗೆ ತಾಗಿತು.

"ಏನಣ್ಣ, ನಾನು ಹುಟ್ಟುವ ಮೊದಲೇ ನನ್ನ ಹೆಸರು ಕೆಡಿಸಿದ್ದೀಯಲ್ಲ! ಹೇಗೂ ಕೆಟ್ಟವನಾದೆ. ಊರಿನ ತೊಟ್ಟಿಗಳನ್ನೆಲ್ಲ ಕುಡಿದುಬಿಡ್ತೀನಿ."

ಅವನು ಬಾಗಿಲು ದಾಟಿದ. ನೆರೆಯವರ ತೊಟ್ಟಿ ಗುಳುಕ್ಕೆಂದು ಬರಿದಾಯಿತು. ಊರು ಕೂಗಿತು, ರಾಣಿ ಓಡಿಬಂದಳು. ಜವರನ ಮುಖ ಉರಿಯಿತು. ಮಣ್ಣಿದ್ದಿದ್ದರೆ ಅದರೊಳಗೆ ಹೂತುಕೊಳ್ಳುತ್ತಿದ್ದ.

"ಉಪ್ಪು ಮುಷ್ಟಿ ಹಾಕಿದ್ದು... ನಾನು," ಅಂತ ಗೊಣಗಿದ.

ರಕ್ಕಸ ಒಂದು ಮೊಳ ಕುಗ್ಗಿದ.

"ಕುಗ್ಗಿದ!" ಅಂದಳು ಸಾಕವ್ವ. "ಗಂಟಲಲ್ಲೇ ನುಂಗಬೇಡ. ಸುಳ್ಳು ಹೇಳುವಾಗ ಇತ್ತಲ್ಲ, ಆ ದನಿ ತೆಗಿ!"

ಜವರ ಕಣ್ಣು ಮುಚ್ಚಿದ. "ಬುಟ್ಟಿ ನಿಂಬೆ ಹಿಂಡಿದ್ದೂ ನಾನೇ!" ರಕ್ಕಸ ಸೊಂಟದೆತ್ತರ ಆದ. ಯಾರೋ ಕಿಸಕ್ಕೆಂದರು. ಆ ಕಾವಲುಗಾರನೇ, ಮೀಸೆ ತಿರುವುತ್ತಿದ್ದ.

ಇನ್ನು ಮೂರನೆಯದು. ರಾಣಿಯ ಕಾಲನ್ನೇ ನೋಡುತ್ತ ಹೇಳಿದ: "ಸುಣ್ಣ ಸುರಿದವನೂ ನಾನೇ, ತಾಯಿ. ನೀವು ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಮತ್ತೆ ಕೇಳೋಕೆ ಮಾನ ಅಡ್ಡ ಬಂತು."

ರಕ್ಕಸ ಕುಗ್ಗಿ ಕುಗ್ಗಿ ಉಪ್ಪಾಗಿ ಉದುರಿದ. ಕುಡಿದ ನೀರೆಲ್ಲ ಮರಳಿ ತೊಟ್ಟಿ ಸೇರಿತು.

ರಾಣಿ ಬೈಯಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. ಜವರನ ಕೆಟ್ಟ ನೀರು ಚೆಲ್ಲಿಸಿ, ಹೊಸ ಕೊಡ ನೀರು ತರಿಸಿದಳು. "ಈಗ ಎಷ್ಟು ಉಪ್ಪು?"

"ಎಷ್ಟು, ತಾಯಿ?" ಅಂದ ಜವರ, ಊರೆದುರಿಗೇ.

ರಾಣಿ ನೆಲದತ್ತ ಬೆರಳು ತೋರಿದಳು. ರಕ್ಕಸ ಉಳಿದದ್ದು ಸರಿಯಾಗಿ ಒಂದು ಚಿಟಿಕೆ.

ಅದನ್ನೇ ಕದಡಿದರು. ನಿಂಬೆ ತೊಟ್ಟು ತೊಟ್ಟು ಬಿಟ್ಟು, ದಾಸವಾಳ ಹಿಂಡಿ ಬಣ್ಣ ನೋಡಿದರು. ಉಳಿದ ಒಂದೇ ಸಸಿ ತಲೆಯೆತ್ತಿ ಸಾವಿರ ಬೀಜ ಕಟ್ಟಿತು. ಹಾಸುಬಂಡೆಯವರು ಹರಿವೆ ಸಾರುಂಡು ಸುಖವಾಗಿದ್ದಾರೆ, ಜವರನೂ. ಯಾರಾದರೂ "ಉಪ್ಪೆಷ್ಟು?" ಅಂದರೆ ಮಾತ್ರ ಅವನ ಕಿವಿ ಈಗಲೂ ಕೆಂಪು ಹರಿವೆ.